ಕಾಯ್ಪರ್ ಅಜ್ಜನ ಕೊನೆಯ ಪಂದ್ಯಾವಳಿ

ಕೊಕ್ಕೆಗೆ ನೇತಾಡಿದ ಟ್ರಂಕು

ಆಮ್‌ಸ್ಟರ್‌ಡ್ಯಾಮಿನ ಆ ಮನೆಗೆ ನಾವು ಬಾಗಿಲಿನಿಂದ ಹೋದೆವು, ನಮ್ಮ ಟ್ರಂಕು ಕಿಟಕಿಯಿಂದ ಹೋಯಿತು. ಅಲ್ಲಿನ ಮನೆಗಳಿಗೆ ಅಗಲವಿಲ್ಲ, ಎತ್ತರವಿದೆ. ಮೆಟ್ಟಿಲುಗಳು ನಮ್ಮ ಅಟ್ಟದ ಏಣಿಯ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಸಾಮಾನು ಹೊತ್ತು ಹತ್ತಲಾಗುವುದಿಲ್ಲವೆಂದು ಪ್ರತಿ ಮನೆಯ ನೆತ್ತಿಯಲ್ಲೂ ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ. ಅದಕ್ಕೆ ಹಗ್ಗ ಹಾಕಿ ಪೆಟ್ಟಿಗೆ, ಮಂಚ, ಬೀರು ಎಲ್ಲವನ್ನೂ ಎಳೆದು ಕಿಟಕಿಯಿಂದ ಒಳಕ್ಕೆ ತೆಗೆದುಕೊಳ್ಳುತ್ತಾರೆ. ನಮ್ಮ ಟ್ರಂಕು ಅರ್ಧ ದಾರಿಯಲ್ಲಿ ಗಾಳಿಗೆ ತಿರುಗಿ ಗೋಡೆಗೆ ಬಡಿಯಿತು. ಒಳಗೆ ಏನೋ ಒಡೆದ ಸದ್ದು ಕೆಳಗೆ ನಿಂತ ನಮಗೂ ಕೇಳಿಸಿತು.

"ಉಪ್ಪಿನಕಾಯಿ ಭರಣಿ ಕಣೆ," ಅಂದರು ಇವರು, ಕತ್ತು ಮೇಲೆತ್ತಿಕೊಂಡೇ. "ಬೆಳಗೋಡಿಂದ ಬೊಂಬಾಯಿಗಂಟ, ಬೊಂಬಾಯಿಂದ ಇಲ್ಲಿಗಂಟ ಏನೂ ಆಗ್ದೆ ಬಂದಿತ್ತು. ಬಾಗ್ಲಿಗೆ ಬಂದು ಹೋಗ್ಬುಡ್ತು ನೋಡು."

ಇವರು ಎಂದರೆ ನನ್ನ ಗಂಡ. ಸಕಲೇಶಪುರದಲ್ಲಿ ಡಾಕ್ಟರು. ಹೆತ್ತೂರು, ಬಿಸಿಲೆ ಕಡೆಯ ಎಸ್ಟೇಟ್ ಲೈನುಗಳಲ್ಲಿ ಮಲೇರಿಯಾ ಜ್ವರದಲ್ಲಿ ನಡುಗುವವರನ್ನು ನೋಡಿ ನೋಡಿ, ಆ ಕಾಯಿಲೆಯ ಬಗ್ಗೆ ಇನ್ನಷ್ಟು ಓದಬೇಕೆಂದು ಅರ್ಜಿ ಹಾಕಿದ್ದರು. ಸರ್ಕಾರ ಅವರನ್ನು ಒಂದು ಚಳಿಗಾಲದ ಮಟ್ಟಿಗೆ ಹಾಲೆಂಡಿಗೆ ಕಳುಹಿಸಿತು. ಮಕ್ಕಳಿಲ್ಲದ ನಾನು ಒಬ್ಬಳೇ ಮನೆಯಲ್ಲಿ ಕೂತು ಏನು ಮಾಡಲಿ ಎಂದು ಹೊರಟುಬಿಟ್ಟೆ. ಟುಲಿಪ್ ಹೂವು ನೋಡಿದಿರಾ ಎಂದು ಈಗ ಊರಲ್ಲಿ ಎಲ್ಲರೂ ಕೇಳುತ್ತಾರೆ. ನಾವು ಹೋದಾಗ ಮಂಜು ಸುರಿಯುತ್ತಿತ್ತು, ಹೊರಟಾಗ ಗಡ್ಡೆಗಳು ಇನ್ನೂ ಮಣ್ಣಿನೊಳಗೆ ಇದ್ದವು.

ಟ್ರಂಕು ತೆರೆದರೆ ಮಿಡಿಮಾವಿನ ರಸ ನನ್ನ ಸೀರೆಗಳಿಗೆಲ್ಲ ಇಳಿದಿತ್ತು. ಅಲ್ಲಿಗೆ ನಿಲ್ಲದೆ ಟ್ರಂಕಿನ ಮೂಲೆಯಿಂದ ಜಿನುಗಿ, ಅದನ್ನು ಇಳಿಸಿದ್ದ ಮೇಜಿನ ಮೇಲಿನ ಜಮಖಾನಕ್ಕೂ ಹತ್ತಿತು. ಅಲ್ಲಿಯವರು ಜಮಖಾನವನ್ನು ನೆಲಕ್ಕಲ್ಲ, ಮೇಜಿಗೆ ಹೊದಿಸುತ್ತಾರೆ. ಮನೆಯ ಯಜಮಾನಿ ಮಾರ್ಗ್ರಿಟ್ ಐವತ್ತರ ಹತ್ತಿರದ ಅವಿವಾಹಿತೆ, ಶಾಲೆಯ ಉಪಾಧ್ಯಾಯಿನಿ. ಅವಳು ಒಂದು ಮಾತೂ ಆಡದೆ ಬಿಸಿನೀರು, ಸೋಪು ತಂದು ಮೊಣಕಾಲೂರಿ ಉಜ್ಜಿದಳು. ಬೈದಿದ್ದರೆ ವಾಸಿಯಿತ್ತು. ಅವಳ ಹಿಂದೆ ಕೋಣೆಯ ಬಾಗಿಲಲ್ಲಿ ಉದ್ದನೆಯ ಮುದುಕರೊಬ್ಬರು ಬಂದು ನಿಂತರು. ಮನೆಯೊಳಗೂ ಕೋಟು, ಕತ್ತಿಗೆ ಟೈ. ಮೂಗನ್ನು ಸ್ವಲ್ಪ ಮೇಲೆತ್ತಿ ಗಾಳಿ ಎಳೆದುಕೊಂಡು, ಇಂಗ್ಲಿಷಿನಲ್ಲಿ, "ಇದು ತಿನ್ನುವ ಪದಾರ್ಥವೇ?" ಎಂದು ಕೇಳಿದರು. ಹೌದೆಂದೆ. ತಲೆಯಾಡಿಸಿ ಒಳಗೆ ಹೋದರು. ಅವರೇ ಮಾರ್ಗ್ರಿಟಳ ತಂದೆ, ಕಾಯ್ಪರ್. ನಾನು ಮೊದಲ ದಿನದಿಂದಲೇ ಮನಸ್ಸಿನಲ್ಲಿ ಕಾಯ್ಪರ್ ಅಜ್ಜ ಎಂದುಕೊಂಡೆ.

ಒಂದೇ ಬಿಸ್ಕತ್ತು

ಬೆಳಗಾದರೆ ಇವರು ಪಾಠಕ್ಕೆ, ಮಾರ್ಗ್ರಿಟ್ ಶಾಲೆಗೆ. ಮನೆಯಲ್ಲಿ ಉಳಿಯುವುದು ನಾನು ಮತ್ತು ಅಜ್ಜ. ಬೆಳಕು ತಡವಾಗಿ ಬರುತ್ತಿತ್ತು, ಬಂದದ್ದೂ ಬೂದಿ ಬಣ್ಣ. ಹೆತ್ತೂರಿನ ಮಳೆ ಹುಯ್ಯುವಾಗ ಹುಯ್ದು ಗದ್ದಲ ಮಾಡುತ್ತದೆ, ಬಯ್ಯಲಿಕ್ಕಾದರೂ ಒಂದು ಆಳು ಎದುರಿಗಿದ್ದ ಹಾಗೆ. ಅಲ್ಲಿನ ಮಳೆಗೆ ಬಾಯಿಯೇ ಇಲ್ಲ. ಕಿಟಕಿಯಾಚೆ ಕಾಲುವೆ, ಕಾಲುವೆಯಲ್ಲಿ ಕಪ್ಪು ನೀರು, ದಂಡೆಯಲ್ಲಿ ಛತ್ರಿ ಹಿಡಿದು ಸೈಕಲ್ ಹೊಡೆಯುವ ಹೆಂಗಸರು.

ಹತ್ತು ಗಂಟೆಯ ಸುಮಾರಿಗೆ ಅಜ್ಜನೇ ಕಾಫಿ ಮಾಡುತ್ತಿದ್ದರು. ಕಾಫಿ ಸೀಮೆಯಿಂದ ಹೋದವಳು ನಾನು. ಆ ತಿಳಿನೀರಿಗೆ ಡಬ್ಬಿಯ ಗಟ್ಟಿ ಹಾಲು ಹಾಕಿ ಕೊಟ್ಟಾಗ ಮುಖ ಹೇಗಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಜೊತೆಗೆ ಬಿಸ್ಕತ್ತಿನ ಡಬ್ಬಿ ತೆರೆದು ನನ್ನ ಮುಂದೆ ಹಿಡಿಯುತ್ತಾರೆ. ಒಂದು ತೆಗೆದುಕೊಂಡ ಕೂಡಲೇ ಟಪ್ಪೆಂದು ಮುಚ್ಚಳ. ನಮ್ಮ ಕಡೆ ಹೀಗೆ ಮಾಡಿದರೆ ನೆಂಟಸ್ತನ ಮುರಿಯುತ್ತದೆ. ಅಲ್ಲಿ ಅದು ಜಿಪುಣತನವಲ್ಲ, ಪದ್ಧತಿ ಎಂದು ಆಮೇಲೆ ಗೊತ್ತಾಯಿತು. ಇನ್ನೊಂದು ಪದ್ಧತಿ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೂ ಕಿಟಕಿಯ ಪರದೆ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಊಟ ಮಾಡುವವರೆಲ್ಲ ಕಾಣಿಸುತ್ತಾರೆ. ಮುಚ್ಚಿಡುವುದು ಏನೂ ಇಲ್ಲವೆಂದು ತೋರಿಸುವುದಕ್ಕಂತೆ.

ಅಜ್ಜ ನನ್ನೊಂದಿಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಮೌನವನ್ನು ಮುರಿದದ್ದು ಒಂದು ಭಾನುವಾರದ ಚದುರಂಗ.

ನನಗೆ ಚದುರಂಗ ಕಲಿಸಿದವರು ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಆಲೂರಿನ ನಮ್ಮ ಮನೆಗೆ ಬಂದಿದ್ದರು. ಶುಭಕಾರ್ಯಕ್ಕೆ ಯಾರೂ ಕರೆಯುತ್ತಿರಲಿಲ್ಲವಾಗಿ ಅವರಿಗೆ ಬಿಡುವು ಬಹಳ. ಹಿತ್ತಿಲ ಜಗುಲಿಯ ಕಲ್ಲಿನ ಮೇಲೆ ಇದ್ದಿಲಲ್ಲಿ ಮನೆ ಬರೆದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಆಡುತ್ತಿದ್ದರು. ಮದುವೆಯಾದ ಮೇಲೆ ಇವರಿಗೆ ನಾನು ಕಲಿಸಿದೆ. ಇವರಿಗೆ ಮನುಷ್ಯರ ಹೊಟ್ಟೆಯೊಳಗೆ ಏನಿದೆ ಎಂದು ಮುಟ್ಟಿದರೆ ತಿಳಿಯುತ್ತದೆ, ಚದುರಂಗದಲ್ಲಿ ಮಾತ್ರ ಕಣ್ಣೆದುರಿಗಿದ್ದ ಕುದುರೆಯೂ ಕಾಣಿಸುವುದಿಲ್ಲ.

ಆ ಭಾನುವಾರ ರಟ್ಟಿನ ಮೇಲೆ ಮನೆ ಬರೆದು, ಗುಂಡಿ, ಹುರುಳಿಕಾಳು, ಔಷಧಿ ಶೀಶೆಯ ಬಿರಡೆಗಳನ್ನು ಇಟ್ಟು ಆಡುತ್ತಿದ್ದೆವು. ಅಜ್ಜ ಬೆಂಕಿಗೂಡಿನ ಹತ್ತಿರ ಪತ್ರಿಕೆ ಓದುತ್ತಿದ್ದರು. ಇವರು ಮಂತ್ರಿಯನ್ನು ಎತ್ತಿ ನೇರವಾಗಿ ನನ್ನ ಆನೆಯ ಬಾಯಿಗೆ ಇಟ್ಟರು. ಪತ್ರಿಕೆಯ ಹಿಂದಿನಿಂದ ನೋವಾದವರ ಹಾಗೆ ಒಂದು ನರಳಿಕೆ ಬಂತು. ಅಜ್ಜ ಎದ್ದು ತಮ್ಮ ಕೋಣೆಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡೆವು. ಬರುವಾಗ ಕೈಯಲ್ಲಿ ಮರದ ಪೆಟ್ಟಿಗೆ ಇತ್ತು. ಒಳಗೆ ಕಾಯಿಗಳು, ಹಿಡಿದು ಹಿಡಿದು ನುಣುಪಾದವು.

"ನೀವಲ್ಲ," ಎಂದರು ಇವರಿಗೆ. ನನ್ನತ್ತ ತಿರುಗಿ, "ನೀವು," ಎಂದರು.

ಅಡುಗೆಮನೆಯಿಂದ ಬಂದ ಮಾರ್ಗ್ರಿಟ್ ಹಲಗೆಯ ಎದುರು ಕೂತ ಅಪ್ಪನನ್ನು ಕಂಡು ಕೈಯಲ್ಲಿದ್ದ ತಟ್ಟೆಗಳೊಂದಿಗೆ ಹಾಗೇ ನಿಂತಳು. ಎರಡನೆಯ ಮಹಾಯುದ್ಧ ಮುಗಿದಾಗಿನಿಂದ ಆ ಪೆಟ್ಟಿಗೆ ಹೊರಗೆ ಬಂದಿರಲಿಲ್ಲವಂತೆ.

ಎರಡನೆಯ ಸ್ಥಾನದ ಮನುಷ್ಯ

ಅಂದಿನಿಂದ ಮಧ್ಯಾಹ್ನಗಳೆಲ್ಲ ಆಟ. ನಮ್ಮತ್ತೆಯ ಆಟದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತದೆ. ಅಜ್ಜನ ಆಟದಲ್ಲಿ ಮೊದಲ ಸಲ ಎರಡು ಮನೆ ನಡೆಯಬಹುದು. ನಾನು ಮರೆತು ಸೋಲುತ್ತಿದ್ದೆ, ಮರೆಯದಿದ್ದಾಗಲೂ ಸೋಲುತ್ತಿದ್ದೆ. ಅಜ್ಜ ಗೆದ್ದು ಸುಮ್ಮನಾಗುತ್ತಿರಲಿಲ್ಲ. ಎಲ್ಲಿ ಕೆಟ್ಟಿತೋ ಅಲ್ಲಿಗೆ ಕಾಯಿಗಳನ್ನು ಹಿಂದಕ್ಕೆ ತಂದು ಇನ್ನೊಂದು ದಾರಿ ತೋರಿಸುತ್ತಿದ್ದರು. ಹಾಗೆ ತೋರಿಸುತ್ತ ತೋರಿಸುತ್ತ ತಮ್ಮ ಹಳೆಯ ಪಂದ್ಯಗಳ ಮಾತಿಗೆ ಬಂದರು.

ಈ ಇಪ್ಪತ್ತನೆಯ ಶತಮಾನ ಹುಟ್ಟಿದ ಹೊಸತರಲ್ಲಿ ಅವರ ದೇಶದಲ್ಲಿ ಚೆಸ್ ಆಡುವವರೆಂದರೆ ವಕೀಲರು, ವೈದ್ಯರು, ಉಳ್ಳವರು. ಅಜ್ಜ ಹಡಗಿನ ವಿಮೆ ಕಚೇರಿಯ ಗುಮಾಸ್ತರು. ಇಂಗ್ಲಿಷ್ ಕಲಿತದ್ದು ಅಲ್ಲೇ. ಕಾಫಿ ಅಂಗಡಿಯಲ್ಲಿ ಆಡಿ ಆಡಿ ಹೆಸರು ಮಾಡಿದರು. ಮೊದಲ ಮಹಾಯುದ್ಧಕ್ಕೆ ಮುಂಚೆ ಜರ್ಮನಿ, ಬೆಲ್ಜಿಯಂ, ಇಂಗ್ಲೆಂಡಿನ ಪಂದ್ಯಾವಳಿಗಳಿಗೆಲ್ಲ ಹೋಗಿ ಬಂದರು. ಕಚೇರಿಯವರು ರಜ ಕೊಡದಿದ್ದಾಗ ಜ್ವರವೆಂದು ಸುಳ್ಳು ಹೇಳಿ ಹೋದದ್ದೂ ಉಂಟು. ಒಂದು ಊರಲ್ಲಿ, ಅಂದಿನ ಕಾಲದ ದೊಡ್ಡ ಹೆಸರಿನ ಆಟಗಾರನೊಬ್ಬನನ್ನು ಸೋಲಿಸಿದರಂತೆ. ಆ ಪಂದ್ಯದ ನಡೆಗಳನ್ನು ಕಣ್ಣು ಮುಚ್ಚಿಕೊಂಡೇ ಇಟ್ಟು ತೋರಿಸಿದರು. ತೋರಿಸುವಾಗ ಎಪ್ಪತ್ತು ದಾಟಿದ ಮುಖಕ್ಕೆ ಕೆಂಪು ಏರಿತು.

ಈ ಎಲ್ಲ ಪ್ರಯಾಣಗಳಲ್ಲೂ ಜೊತೆಗೊಬ್ಬ ಇದ್ದ. ಯೋನಾಸ್. ವಜ್ರಕ್ಕೆ ಸಾಣೆ ಹಿಡಿಯುವ ಯಹೂದಿ, ಅಜ್ಜನಿಗಿಂತ ನಾಲ್ಕಾರು ವರ್ಷ ಚಿಕ್ಕವನು. ಇಬ್ಬರೂ ಮೂರನೆಯ ದರ್ಜೆಯ ರೈಲಿನಲ್ಲಿ ಹೋಗಿ ಒಂದೇ ಕೋಣೆ ಹಿಡಿಯುತ್ತಿದ್ದರು. ಒಳ್ಳೆಯ ಕೋಟು ಒಂದೇ ಇದ್ದ ಕಾಲದಲ್ಲಿ, ಅಂದು ಯಾರಿಗೆ ಬಲವಾದ ಎದುರಾಳಿಯೋ ಅವರು ಅದನ್ನು ತೊಡುತ್ತಿದ್ದರಂತೆ. ಹೊರದೇಶದಲ್ಲಿ ಯಾರ ಸ್ಥಾನ ಹೇಗಾದರೂ ಇರಲಿ, ತಮ್ಮ ನಾಡಿನ ಚಾಂಪಿಯನ್ ಪಂದ್ಯದಲ್ಲಿ ಮಾತ್ರ ಯಾವಾಗಲೂ ಯೋನಾಸ್ ಮೊದಲು, ಕಾಯ್ಪರ್ ಎರಡನೆಯವರು. ಕಡೆಯ ದಿನ ಇಬ್ಬರೂ ಎದುರಾಗುತ್ತಾರೆ, ಅಜ್ಜ ಗೆಲ್ಲಬೇಕಾದ ಆಟವನ್ನು ಎಲ್ಲೋ ಒಂದು ಕಡೆ ಜಾರಿಸುತ್ತಾರೆ.

"ನನಗಿಂತ ಅವನು ಜಾಣನೇನಲ್ಲ," ಎಂದರು ಒಂದು ದಿನ. "ಅವನಿಗೆ ಸೋಲುವ ಹೆದರಿಕೆ ಇರಲಿಲ್ಲ. ನನಗೆ ಇತ್ತು."

ನಾನು ಮಾತಿಗೆ ಮಾತು ಸೇರಿಸಿ, ಈಗ ಅವರು ಎಲ್ಲಿದ್ದಾರೆ ಎಂದು ಕೇಳಿಬಿಟ್ಟೆ. ಅಜ್ಜ ಒಂದೊಂದೇ ಕಾಯಿಯನ್ನು ಪೆಟ್ಟಿಗೆಗೆ ಹಾಕಿದರು. ಆಟ ಇನ್ನೂ ಅರ್ಧದಲ್ಲಿತ್ತು.

ಉಳಿದದ್ದನ್ನು ಹೇಳಿದವಳು ಮಾರ್ಗ್ರಿಟ್, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ. ಜರ್ಮನರು ದೇಶ ಹಿಡಿದ ಮೇಲೆ ಯಹೂದಿಗಳು ಯಾವ ಕ್ಲಬ್ಬಿನಲ್ಲೂ ಇರಕೂಡದೆಂಬ ಅಪ್ಪಣೆಯಾಯಿತು. ಅಪ್ಪನ ಚೆಸ್ ಕ್ಲಬ್ಬಿನವರು ಯಹೂದಿ ಸದಸ್ಯರ ಹೆಸರು ಹೊಡೆದುಹಾಕಿದರು. ಯೋನಾಸನ ಹೆಸರೂ ಹೋಯಿತು. ಪಂದ್ಯಗಳೇನೂ ನಿಲ್ಲಲಿಲ್ಲ. ಆ ವರ್ಷ ಅಪ್ಪ ಮೊದಲ ಸ್ಥಾನ ಗೆದ್ದರು, ಜೀವಮಾನದಲ್ಲಿ ಒಂದೇ ಸಲ. ಮುಂದಿನ ವರ್ಷ ಪಕ್ಕದ ಬೀದಿಯಿಂದ ಯೋನಾಸನನ್ನೂ ಅವನ ಹೆಂಡತಿಯನ್ನೂ ಹಿಡಿದುಕೊಂಡು ಹೋದರು. ಅವರು ವಾಪಸು ಬರಲಿಲ್ಲ. ತಡವಾಗಿ ಮದುವೆಯಾದ ಅವರಿಗೆ ಒಬ್ಬನೇ ಮಗ, ಡೇವಿಡ್. ಅವನನ್ನು ಮೊದಲೇ ಹಳ್ಳಿಯೊಂದರ ರೈತರ ಮನೆಯಲ್ಲಿ ಬಚ್ಚಿಟ್ಟಿದ್ದರಿಂದ ಉಳಿದುಕೊಂಡ.

"ಅಪ್ಪನನ್ನು ಯಾರೂ ಏನೂ ಅನ್ನಲಿಲ್ಲ," ಎಂದಳು ಮಾರ್ಗ್ರಿಟ್. "ಆಡಿದವರು ಅವರೊಬ್ಬರೇ ಅಲ್ಲ, ಎಲ್ಲರೂ ಆಡಿದರು. ಅದಕ್ಕೇ ಯಾರೂ ಅನ್ನಲಿಲ್ಲ."

ಸಂಜೆ ಇವರಿಗೆ ಇದನ್ನೆಲ್ಲ ಹೇಳಿದೆ. ಎಂಥ ಜನ ಎಂದು ನಾನು ಬೇಸರಪಟ್ಟುಕೊಂಡಾಗ ಇವರು ಬೂಟು ಬಿಚ್ಚುತ್ತ, "ನಮ್ಮೂರಾಗೆ ಇಲ್ವೇನೆ ಇಂಥದ್ದು?" ಅಂದರು. "ಆ ಕೇರಿಯೋರು ಬಾವಿತಾವ ಬರಂಗಿಲ್ಲ ಅಂತ ಪಂಚಾಯ್ತಿ ಮಾಡುದ್ರು. ಅವತ್ತು ನಾವ್ಯಾರಾದ್ರೂ ನೀರು ಸೇದೋದು ಬಿಟ್ವಾ? ಕೊಡ ತಗಂಡು ಹೋದ್ವಿ, ತುಂಬುಸ್ಕಂಡು ಬಂದ್ವಿ."

ಸಮುದ್ರದ ದಂಡೆಯ ಊರು

ಚಳಿ ಇನ್ನೂ ಬಿಟ್ಟಿರಲಿಲ್ಲ. ಸಮುದ್ರ ತೀರದ ಸಣ್ಣ ಊರೊಂದರ ಹೋಟೆಲಿನಲ್ಲಿ ಪಂದ್ಯಾವಳಿ ಇದೆಯೆಂದೂ, ಹಿಂದಿನ ಕಾಲದ ಆಟಗಾರರಿಗಾಗಿ ಬೇರೆ ಗುಂಪು ಮಾಡಿದ್ದಾರೆಂದೂ, ಕಾಯ್ಪರ್ ಅವರು ಬರಬೇಕೆಂದೂ ಕರೆ ಬಂತು. ಪ್ರತಿ ವರ್ಷ ಇಂಥದ್ದೊಂದು ಬರುತ್ತಿತ್ತಂತೆ, ಅಜ್ಜ ಬೆಂಕಿಗೆ ಹಾಕುತ್ತಿದ್ದರಂತೆ. ಈ ಸಲ ಹೋಗುತ್ತೇನೆ ಎಂದರು. ಮಾರ್ಗ್ರಿಟ್ ತಾನು ಜೊತೆಗೆ ಬರುವುದಿಲ್ಲ ಎಂದಳು. ಯಾಕೆ ಹೋಗಬೇಕೆಂದು ನಾನೂ ಕೇಳಿದೆ. ಅಜ್ಜ ಹೇಳಿದ್ದು ಇಷ್ಟೆ: "ನಿಮ್ಮ ಜೊತೆ ಆಡಿದ ಮೇಲೆ ಕೈಗೆ ನೆನಪು ಬಂದಿದೆ."

ಹಾಗೆಂದ ಮೇಲೆ ನನ್ನ ಪಾಲೂ ಇದರಲ್ಲಿದೆ ಎನಿಸಿತು. ಇವರೇ, "ಹೋಗ್ಬಾ, ಮುದುಕ್ರನ್ನ ಒಬ್ರನ್ನೇ ಕಳ್ಸಕಾಗಲ್ಲ. ಎದೆ ಸದ್ದು ಅಷ್ಟು ಸರಿಗಿಲ್ಲ ಅವ್ರುದು," ಎಂದು ನನ್ನನ್ನು ಹೊರಡಿಸಿದರು.

ಮಂಗಳೂರಿನ ಸಮುದ್ರವನ್ನು ಕಂಡ ಕಣ್ಣಿಗೆ ಅದು ಸಮುದ್ರ ಅನಿಸಲಿಲ್ಲ. ಸೀಸ ಕರಗಿಸಿ ಚೆಲ್ಲಿದ ಹಾಗೆ. ರೈಲಿಳಿದ ಕೂಡಲೇ ಗಾಳಿ ನನ್ನ ಛತ್ರಿಯನ್ನು ತಿರುಗಿಸಿ ಹಾಕಿ, ಸೆರಗನ್ನು ಅಜ್ಜನ ಮುಖಕ್ಕೆ ಸುತ್ತಿತು. ಹಿಂದಿನಿಂದ ಬರುತ್ತಿದ್ದ ಹೆಂಗಸು ನಗಬಾರದೆಂದು ಅಂಗಡಿಯ ಕಿಟಕಿ ನೋಡುತ್ತ ನಿಂತಳು. ನಾವು ಇಳಿದುಕೊಂಡ ಮನೆಯೊಡತಿ ನನ್ನ ಹಣೆಯ ಕುಂಕುಮ ಕಂಡು ಗಾಯವೆಂದುಕೊಂಡು ಹತ್ತಿ, ಔಷಧಿ ತಂದಳು. ಅಲ್ಲವೆಂದು ತಿಳಿಸುವಷ್ಟರಲ್ಲಿ ಸಾಕಾಯಿತು.

ಆಟದ ಸಭಾಂಗಣದಲ್ಲಿ ಸಾಲು ಸಾಲು ಮೇಜು. ಪ್ರತಿ ಮೇಜಿನ ಮೇಲೂ ಜೋಡಿ ಮುಖದ ಗಡಿಯಾರ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕು. ಒಬ್ಬರು ಯೋಚಿಸುವಾಗ ಅವರ ಕಡೆಯ ಗಡಿಯಾರ ಮಾತ್ರ ಓಡುತ್ತದೆ. ಕಾಯಿ ನಡೆಸಿ ಗುಂಡಿ ಒತ್ತಿದರೆ ಅದು ನಿಂತು ಎದುರಿನವರದು ಓಡಲು ತೊಡಗುತ್ತದೆ. ಕೊಟ್ಟ ಹೊತ್ತು ಮುಗಿದರೆ ಒಂದು ಪುಟ್ಟ ಕೆಂಪು ಬಾವುಟ ಬೀಳುತ್ತದೆ. ಯಾರ ಬಾವುಟ ಬಿತ್ತೋ ಅವರು ಸೋತರು, ಹಲಗೆಯ ಮೇಲೆ ಏನೇ ಇರಲಿ.

ಮೊದಲ ದಿನ ಅಜ್ಜ ನಿವೃತ್ತ ಅಂಚೆ ಅಧಿಕಾರಿಯೊಬ್ಬರೊಂದಿಗೆ ಸಮ ಮಾಡಿಕೊಂಡರು. ಎರಡನೆಯ ದಿನ ಗೆದ್ದರು. ಜನ ಬಂದು ಕೈಕುಲುಕಿದರು. ಹಳಬರೊಬ್ಬರು, ಕಾಯ್ಪರ್ ಇನ್ನೂ ಕಾಯ್ಪರೇ ಎಂದರಂತೆ. ಅಂದು ಅಜ್ಜ ದಂಡೆಯ ಅಂಗಡಿಯಲ್ಲಿ ಹೊಗೆ ಹಾಕಿದ ಮೀನು ಕೊಡಿಸಿದರು. ಸಕಲೇಶಪುರದ ಸಂತೆಗೆ ಘಟ್ಟದ ಕೆಳಗಿನಿಂದ ಒಣಮೀನು ಬರುತ್ತದಲ್ಲ, ಅದರದೇ ವಾಸನೆ. ಅಜ್ಜ ಬೆರಳು ಚೀಪಿಕೊಂಡು ತಿಂದರು. ಮದುವೆ ಮನೆಯಿಂದ ಬಂದವರ ಹಾಗೆ ಕಂಡರು. ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಬಿಳಿಯ ಕಾಯಿ

ಮರುದಿನ ಮೇಜಿಗೆ ಹೋದರೆ ಎದುರಿಗೆ ಮೂವತ್ತರ ಸುಮಾರಿನ ಒಬ್ಬ ಮನುಷ್ಯ ಮೊದಲೇ ಬಂದು ಕೂತಿದ್ದ. ಆ ಗುಂಪಿನ ಮುದುಕರೊಬ್ಬರು ಕಾಯಿಲೆಯಾಗಿ ಬಿಟ್ಟುಹೋಗಿದ್ದರು, ಅವರ ಜಾಗಕ್ಕೆ ಬೇರೆ ಗುಂಪಿನಿಂದ ಅವನನ್ನು ಹಾಕಿದ್ದರು. ಅಜ್ಜನ ಕೈ ಕುರ್ಚಿಯ ಬೆನ್ನಿನ ಮೇಲೆಯೇ ನಿಂತಿತು. ಮೇಲ್ವಿಚಾರಕರು ಬಂದು ಇಬ್ಬರಿಗೂ ಏನೋ ಮೆಲ್ಲಗೆ ಹೇಳಿದರು. ಬೇಡವೆನಿಸಿದರೆ ಜೋಡಿ ಬದಲಾಯಿಸುತ್ತೇವೆ ಎಂದಿರಬೇಕು. ಬದಲಾಯಿಸುವುದು ಬೇಡವೆಂದು ಆ ಮನುಷ್ಯ ತಲೆಯಲ್ಲಾಡಿಸಿದ. ಅಜ್ಜ ಕೂತರು. ಅವನು ಡೇವಿಡ್ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಬಿಳಿಯ ಕಾಯಿ ಡೇವಿಡ್‌ನದು. ಬಿಳಿಯವರು ಮೊದಲು ನಡೆಯಬೇಕು. ಗಂಟೆ ಬಾರಿಸಿತು, ಅವನ ಗಡಿಯಾರ ಓಡಲು ತೊಡಗಿತು. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಅಜ್ಜನ ಮುಖ ನೋಡುತ್ತ ಕೂತ. ಕಾಯಿ ಮುಟ್ಟಲಿಲ್ಲ.

ಯೋಚಿಸುತ್ತಿದ್ದಾನೆಂದು ಮೊದಲಿಗೆ ಎಲ್ಲರೂ ತಿಳಿದರು. ಸುತ್ತಲಿನ ಮೇಜುಗಳಲ್ಲಿ ಟಕಟಕ ಗುಂಡಿ ಒತ್ತುವ ಸದ್ದು. ಇಲ್ಲಿ ಮೂವತ್ತೆರಡು ಕಾಯಿಗಳೂ ನಿಂತಲ್ಲೇ ನಿಂತಿವೆ. ಸ್ವಲ್ಪ ಹೊತ್ತಿಗೆ ಜನರಿಗೆ ಅರ್ಥವಾಯಿತು. ಕೆಲವರು ಬಂದು ನಿಂತರು, ನೋಡಲಾಗದೆ ಹೋದರು. ಅಜ್ಜ ಎದ್ದು ಓಡಾಡಬಹುದಿತ್ತು, ಎದುರಾಳಿ ಯೋಚಿಸುವಾಗ ಹಾಗೆ ಮಾಡುವುದು ವಾಡಿಕೆ. ಅವರು ಏಳಲಿಲ್ಲ. ಕಣ್ಣನ್ನೂ ತಪ್ಪಿಸಲಿಲ್ಲ. ಮಧ್ಯೆ ಒಮ್ಮೆ ಮಾತ್ರ, "ಆಡು, ಡೇವಿಡ್," ಎಂದರು. ಅವನು ಕೇಳಿಸದವನ ಹಾಗೆ ಕೂತೇ ಇದ್ದ. ನಾನು ಗೋಡೆ ಬದಿಯ ಕುರ್ಚಿಯಲ್ಲಿ ಕೂತು ಸೆರಗಿನ ತುದಿ ಹಿಂಡುತ್ತಿದ್ದೆ. ಯಾರಾದರೂ ಕೆಮ್ಮಿದರೂ ಸಾಕು, ಅಜ್ಜ ಎಲ್ಲಿ ಒರಗಿಬಿಟ್ಟರೋ ಎಂದು ಅತ್ತ ನೋಡುತ್ತಿದ್ದೆ.

ಮಧ್ಯಾಹ್ನ ಜಾರಿ ಕಿಟಕಿ ಕಪ್ಪಾಗುವ ಹೊತ್ತಿಗೆ ಡೇವಿಡ್‌ನ ಬಾವುಟ ಬಿತ್ತು. ಮೇಲ್ವಿಚಾರಕರು ಬಂದು ಗಡಿಯಾರ ನಿಲ್ಲಿಸಿ ಅಜ್ಜ ಗೆದ್ದರೆಂದು ಹೇಳಿದರು. ಆಗ ಡೇವಿಡ್ ಬಾಯಿಬಿಟ್ಟ. ಕೂಗಲಿಲ್ಲ, ಸುಮ್ಮನೆ ಒಂದು ಮಾತು ಹೇಳಿದ. ಅದರ ಅರ್ಥವನ್ನು ಪಕ್ಕದಲ್ಲಿದ್ದ ಅಂಚೆ ಅಧಿಕಾರಿ ಆಮೇಲೆ ನನಗೆ ಇಂಗ್ಲಿಷಿನಲ್ಲಿ ಹೇಳಿದರು:

"ನಮ್ಮಪ್ಪ ಬರದಿದ್ದ ವರ್ಷ ನೀವು ಗೆದ್ದದ್ದು ಹೀಗೆಯೇ."

ಅವನು ಕೋಟು ಹಾಕಿಕೊಂಡು ಹೊರಟುಹೋದ. ಅಜ್ಜ ಮೇಲ್ವಿಚಾರಕರನ್ನು ಕರೆದು, ಇದನ್ನು ನನ್ನ ಸೋಲೆಂದು ಬರೆದುಕೊಳ್ಳಿ ಎಂದು ಕೇಳಿಕೊಂಡರು. ಅದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂದರು ಅವರು. ಅಜ್ಜ ಮತ್ತೆ ಕೇಳಿದರು. ಅವರು ಮತ್ತೆ ಅದನ್ನೇ ಹೇಳಿದರು. ಹಾಗಾದರೆ ನನ್ನ ಹೆಸರು ತೆಗೆಯಿರಿ, ಮುಂದಿನ ಪಂದ್ಯಗಳಿಗೆ ನಾನಿಲ್ಲ ಎಂದು ಹೇಳಿ ಅಜ್ಜ ಎದ್ದರು. ಅಲ್ಲಿಗೆ ಅವರ ಪಂದ್ಯಾವಳಿಗಳ ಕಾಲ ಮುಗಿಯಿತು. ದಾಖಲೆಯಲ್ಲಿ ಕೊನೆಯ ಆಟ ಗೆಲುವು ಎಂದೇ ಇರುತ್ತದೆ.

ಹಿಂದಿರುಗುವ ರೈಲು

ರೈಲಿನಲ್ಲಿ ನಾವಿಬ್ಬರೇ ಒಂದು ಡಬ್ಬಿಯಲ್ಲಿದ್ದೆವು. ಹೊರಗೆ ಗೆರೆ ಎಳೆದ ಹಾಗೆ ಚಪ್ಪಟೆಯಾದ ಹೊಲ, ನಡುನಡುವೆ ನೀರು. ನಮ್ಮ ಕಡೆ ದುಃಖವಾದರೆ ಕಣ್ಣಿಗೆ ಮರೆಯಾಗಲು ಒಂದು ಗುಡ್ಡವಾದರೂ ಸಿಗುತ್ತದೆ. ಅಲ್ಲಿ ಎಷ್ಟು ದೂರ ಹೋದರೂ ಹಿಂದಿನ ಊರಿನ ಗೋಪುರ ಕಾಣಿಸುತ್ತಲೇ ಇರುತ್ತದೆ.

ಅಜ್ಜ ಕಿಟಕಿ ನೋಡುತ್ತಲೇ ಮಾತು ತೆಗೆದರು. ಮಾರ್ಗ್ರಿಟಳಿಗೂ ಹೇಳದ್ದನ್ನು ನನಗೆ ಹೇಳಿದರು. ನಾನು ಇನ್ನೇನು ದೇಶ ಬಿಟ್ಟು ಹೋಗುವವಳು ಎಂದೋ ಏನೋ.

ಆ ವರ್ಷದ ಚಾಂಪಿಯನ್ ಪಂದ್ಯ ಶುರುವಾಗುವ ಹಿಂದಿನ ದಿನ ಯೋನಾಸ್ ಮನೆಗೆ ಬಂದಿದ್ದನಂತೆ. ಆಗ ಮಾರ್ಗ್ರಿಟ್ ಬೇರೆ ಊರಲ್ಲಿ ಕೆಲಸದಲ್ಲಿದ್ದಳು. ಅಜ್ಜನ ಹೆಂಡತಿ ಊಟಕ್ಕೆ ಬಡಿಸಿದರು. ಉಂಡಾದ ಮೇಲೆ ಯೋನಾಸ್, ನಾಳೆ ನೀನು ಆಡಬೇಡ ಎಂದು ಕೇಳಿದ.

"ನಾನೊಬ್ಬ ಬಿಟ್ಟರೆ ಏನಾಗುತ್ತದೆ ಎಂದೆ," ಎಂದರು ಅಜ್ಜ. "ಅವನು, ಏನೂ ಆಗುವುದಿಲ್ಲ, ನೀನು ಆಡಲಿಲ್ಲವೆಂದು ನನಗೆ ಗೊತ್ತಾಗುತ್ತದೆ, ಅಷ್ಟೇ, ಎಂದ."

ಯೋಚಿಸುತ್ತೇನೆ ಎಂದು ಹೇಳಿ ಕಳುಹಿಸಿದರು. ಬೆಳಿಗ್ಗೆ ಹೋಗಿ ಆಡಿದರು. ಅವನಿಲ್ಲದ ಆ ವರ್ಷ ಮೊದಲ ಸ್ಥಾನ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎಂಬ ಯೋಚನೆ ತಮ್ಮ ತಲೆಯಲ್ಲಿ ಇದ್ದದ್ದು ನಿಜ ಎಂದರು. ಆಮೇಲೆ ಯೋನಾಸನನ್ನು ಬೀದಿಯಲ್ಲಿ ಕಂಡಾಗ ಅವನು ಟೋಪಿ ಎತ್ತಿ ನಮಸ್ಕರಿಸುತ್ತಿದ್ದನಂತೆ, ಪರಿಚಯವಿಲ್ಲದವರಿಗೆ ಮಾಡುವ ಹಾಗೆ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಆಡುವ ಮಾತೊಂದಿದೆ, ಆಗಿದ್ದು ಆಗಿಹೋಯಿತು ಎಂದು. ಅದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಆಗಿಹೋಗಿದ್ದರೆ ಆ ಮನುಷ್ಯ ಮಧ್ಯಾಹ್ನವಿಡೀ ಹಾಗೆ ಕೂರುತ್ತಿರಲಿಲ್ಲ.

ಡೇವಿಡ್‌ನ ಬಾಗಿಲು

ಊರಿಗೆ ಬಂದು ಅಜ್ಜ ಜ್ವರ ಹಿಡಿದು ಮಲಗಿದರು. ಇವರು ದಿನಾ ಎದೆ ನೋಡಿ ಔಷಧಿ ಕೊಟ್ಟರು. ಮಾರ್ಗ್ರಿಟ್‌ಗೆ ಯಾರೋ ಹೇಳಿ ಪಂದ್ಯದ ಸಂಗತಿ ಗೊತ್ತಾಗಿತ್ತು. ಅವಳು ಅಪ್ಪನ ಹಾಸಿಗೆಯ ಬದಿಯಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು.

ಜ್ವರ ಇಳಿದ ಮೇಲೆ ಒಂದು ದಿನ ಅಜ್ಜ ಕೋಟು ತೊಟ್ಟು ನನ್ನ ಮುಂದೆ ಬಂದು ನಿಂತರು. ಡೇವಿಡ್‌ನ ಮನೆಗೆ ಹೋಗಬೇಕು, ಅವನ ಬೀದಿಯ ಸೇತುವೆಯವರೆಗೆ ಕೈ ಹಿಡಿಯಿರಿ ಎಂದರು. ಯಾಕೆಂದು ಕೇಳಿದೆ. ಯೋನಾಸ್ ಕೇಳಿಕೊಂಡದ್ದು ಅವನ ಮಗನಿಗೆ ಗೊತ್ತಿಲ್ಲ, ಗೊತ್ತಿರಬೇಕು ಎಂದರು. ಹೇಳಿದರೆ ಅವನ ಸಿಟ್ಟು ಹೆಚ್ಚುತ್ತದಲ್ಲವೇ ಎಂದೆ. "ಹೆಚ್ಚಲಿ," ಎಂದರು.

ಮಳೆ ಹನಿಯುತ್ತಿತ್ತು. ಡೇವಿಡ್ ಇದ್ದದ್ದು ಎರಡು ಕಾಲುವೆ ದಾಟಿ, ಒಂದು ಇಕ್ಕಟ್ಟು ಬೀದಿಯ ನೆಲಮಾಳಿಗೆಯ ಹಾಗೆ ತಗ್ಗಿನಲ್ಲಿದ್ದ ಮನೆಯಲ್ಲಿ. ಸೇತುವೆಯ ಹತ್ತಿರ ಬಂದರೂ ಅಜ್ಜನ ಕೈ ನನ್ನ ಕೈ ಬಿಡಲಿಲ್ಲ. ಹಾಗಾಗಿ ನಾನೂ ಬಾಗಿಲವರೆಗೆ ಹೋದೆ. ಗಂಟೆ ಒತ್ತಿದಾಗ ತೆರೆದವನು ಡೇವಿಡ್‌ನೇ. ಅಂಗಿಯ ತೋಳು ಮಡಚಿದ್ದ. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವರ ಮಾತು ಡಚ್ ಭಾಷೆಯಲ್ಲಿ ನಡೆಯಿತು. ಅಷ್ಟು ದಿನ ಅಡುಗೆಮನೆಯಲ್ಲಿದ್ದು ನನಗೆ ಬಂದಿದ್ದ ಅಲ್ಪಸ್ವಲ್ಪ ಮಾತಿನಿಂದಲೂ, ಅಜ್ಜ ಆಮೇಲೆ ದಾರಿಯಲ್ಲಿ ಹೇಳಿದ್ದರಿಂದಲೂ ಇದನ್ನು ಬರೆಯುತ್ತಿದ್ದೇನೆ.

ಅಜ್ಜ ಟೋಪಿ ಕೈಯಲ್ಲಿ ಹಿಡಿದು, ನೆನೆಯುತ್ತ, ಆ ಸಂಜೆಯ ಸಂಗತಿಯನ್ನು ಹೇಳಿದರು. ಯೋನಾಸ್ ಬಂದದ್ದು, ಕೇಳಿದ್ದು, ತಾವು ಉತ್ತರ ಕೊಟ್ಟದ್ದು, ಬೆಳಿಗ್ಗೆ ಎದ್ದು ಹೋದದ್ದು. ಕ್ಷಮೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಮುಗಿದ ಮೇಲೆ ಡೇವಿಡ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊಡೆಯುತ್ತಾನೇನೋ ಎಂದು ನಾನು ಅಜ್ಜನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅವನು ಕೇಳಿದ್ದು ಬೇರೆಯೇ.

"ಅಪ್ಪ ಅವತ್ತು ನಿಮ್ಮ ಮನೆಯಲ್ಲಿ ಊಟ ಮಾಡಿದರಾ?"

ಮಾಡಿದ ಎಂದರು ಅಜ್ಜ. ಏನು ಊಟ ಎಂದು ಕೇಳಿದ. ಬಟಾಣಿ ಸಾರು, ಎರಡು ಸಲ ಹಾಕಿಸಿಕೊಂಡ ಎಂದರು. ಯಾವ ಕೋಟು ಹಾಕಿದ್ದರು? ಕಂದು ಬಣ್ಣದ್ದು, ಮೊಣಕೈಗೆ ತೇಪೆ ಇತ್ತು. ನನ್ನ ಮಾತು ಎತ್ತಿದರಾ? ಅಜ್ಜ ಸ್ವಲ್ಪ ಹೊತ್ತು ಯೋಚಿಸಿದರು. ಹುಡುಗನಿಗೆ ಬೂಟು ಚಿಕ್ಕದಾಗುತ್ತಿದೆ, ಬೇಗ ಬೆಳೆಯುತ್ತಿದ್ದಾನೆ ಎಂದಿದ್ದ ಎಂದರು. ಡೇವಿಡ್ ತಲೆ ಬಗ್ಗಿಸಿ ಒಂದು ಸಲ ಆಡಿಸಿದ. ಆಮೇಲೆ ಬಾಗಿಲು ಹಾಕಿಕೊಂಡ. ಧಡಾರೆಂದು ಬಡಿಯಲಿಲ್ಲ.

ನಾವು ನಿಧಾನವಾಗಿ ಹೊರಟೆವು. ಸೇತುವೆಯ ಮೇಲೆ ಬಂದಾಗ ಅಜ್ಜ ಕಂಬಿ ಹಿಡಿದು ನಿಂತರು. ಉಸಿರು ಕಟ್ಟಿತೇ ಎಂದು ಕೇಳಿದೆ. ಅಲ್ಲವೆಂದು ಕೈಯಾಡಿಸಿದರು. ಅವರ ಮುಖದಲ್ಲಿ ನನಗೆ ತಿಳಿಯದ ಗಾಬರಿ ಇತ್ತು.

"ಬಟಾಣಿ ಅಲ್ಲ," ಎಂದರು. "ಆ ವರ್ಷ ನಮಗೆ ಬಟಾಣಿ ಸಿಗುತ್ತಿರಲಿಲ್ಲ. ಆಲೂಗಡ್ಡೆ, ಕ್ಯಾರೆಟ್ ಬೇಯಿಸಿ ಕುಟ್ಟಿ ಮಾಡಿದ್ದು. ನಾನು ತಪ್ಪು ಹೇಳಿಬಿಟ್ಟೆ."

ಇನ್ನೊಂದು ದಿನ ಹೇಳಿದರಾಯಿತು, ಮಳೆ ಜೋರಾಗುತ್ತಿದೆ ಎಂದೆ. ಅವರು ಆಗಲೇ ತಿರುಗಿದ್ದರು. ಈ ಸಲ ನನ್ನ ಕೈ ಕೇಳಲಿಲ್ಲ. ಗೋಡೆ ಹಿಡಿದುಕೊಂಡು, ಒದ್ದೆ ಕಲ್ಲಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ಆ ಬೀದಿಗೆ ವಾಪಸು ಹೋದರು. ನಾನು ಸೇತುವೆಯ ಮೇಲೆಯೇ ನಿಂತು ನೋಡಿದೆ. ಗಂಟೆ ಒತ್ತಿದರು. ಬಾಗಿಲು ತೆರೆಯಿತು. ಅಜ್ಜ ಏನೋ ಹೇಳುತ್ತಿದ್ದರು, ಎರಡೂ ಕೈಯಿಂದ ಕುಟ್ಟುವ ಹಾಗೆ ಮಾಡಿ ತೋರಿಸುತ್ತಿದ್ದರು. ಹೊಸ್ತಿಲಲ್ಲಿ ನಿಂತಿದ್ದ ಡೇವಿಡ್ ಆಲಿಸುತ್ತಿದ್ದ.